ಗೋಕಿಲಾಳ ರೆಪ್ಪೆ ಆಡಿದ ಮಧ್ಯಾಹ್ನ

ಸಿರುಮುಗೈಯ ನೇಕಾರರ ಬೀದಿಯಲ್ಲಿ ಊಟದ ನಂತರ ಮಗ್ಗಗಳೂ ತುಸು ತೂಕಡಿಸುತ್ತವೆ. ಪೆರಿಯನಾಯಕಿ ಅದನ್ನು ಕಂಡದ್ದು ಅಂಥ ಹೊತ್ತಿನಲ್ಲೇ. ಹುಟ್ಟಿನಿಂದ ದೃಷ್ಟಿಯಿಲ್ಲದ ಮಗಳು ಗೋಕಿಲಾ ಮಲಗಿದ್ದಾಳೆ. ಮುಚ್ಚಿದ ರೆಪ್ಪೆಯೊಳಗೆ ಗುಡ್ಡೆಗಳು ಅತ್ತಿಂದಿತ್ತ ಓಡುತ್ತಿವೆ. ಮಗ್ಗದಲ್ಲಿ ಲಾಳಿಯ ಹಿಂದೆ ನೇಕಾರರ ಕಣ್ಣು ಓಡುವುದೂ ಹೀಗೆಯೇ. ಜೀವಮಾನವಿಡೀ ನೇಯ್ದವಳಿಗೆ ಬೇರೇನು ಹೊಳೆದೀತು? ಮಗಳಿಗೆ ಕಣ್ಣು ಬರುತ್ತಿದೆ! ಗಂಡ ನಟರಾಜನ್ ತೀರಿಕೊಂಡು ವರ್ಷವಾಗಿತ್ತು. ಇನ್ನು ಅವನ ಫೋಟೋವನ್ನಾದರೂ ಮಗು ನೋಡೀತು.

ಸೋಮವಾರ ಗೋಕಿಲಾ ಕೊಯಮತ್ತೂರಿನ ಅಂಧ ಮಕ್ಕಳ ಶಾಲೆಗೆ ಹೊರಡಬೇಕಿತ್ತು. ಪೆರಿಯನಾಯಕಿ ಕಟ್ಟಿಟ್ಟ ಪೆಟ್ಟಿಗೆಯನ್ನು ಬಿಚ್ಚಿ, ಯಾರೋ ಹೇಳಿದ್ದ ಸೊಪ್ಪನ್ನು ಅರೆಯಲು ಕೂತಳು.

ಪಕ್ಕದ ಮನೆಯ ನರ್ಸ್ ಶೋಭನಾ ಇಣುಕಿದಳು. "ಏನಕ್ಕಾ, ಚಟ್ನಿಯಾ?"

"ಮರುಂದು ಶೋಭನಾ, ಮದ್ದು! ಪಾಪಾಗೆ ಕಣ್ಣು ಬರ್ತಾ ಇದೆ. ನಿದ್ದೇಲಿ ಆಡ್ತು, ನಾನೇ ನೋಡಿದೆ. ಇನ್ನು ಆ ಶಾಲೆ ಯಾಕೆ?"

"ಅಯ್ಯೋ, ಆ ರಸ ಕಣ್ಣಿಗೆ ಬಿಟ್ರೆ ಹುಣ್ಣಾಗುತ್ತೆ! ದೃಷ್ಟಿ ಬರಲ್ಲ ಅಂತ ಡಾಕ್ಟರ್ ಆವಾಗ್ಲೇ ಹೇಳಿದ್ರಲ್ಲ. ಕನಸು ಬೀಳುವಾಗ ಕಣ್ಣು ಆಡುತ್ತಕ್ಕಾ, ಕಾಣದವರದ್ದೂ ಆಡುತ್ತೆ."

"ಸುಮ್ನಿರು! ಏನೂ ನೋಡದವಳಿಗೆ ಕನಸೆಲ್ಲಿಂದ?"

"ನನ್ನ ಯಾಕೆ ಕೇಳ್ತೀರಿ? ಅವಳನ್ನೇ ಕೇಳಿ."

ಇಷ್ಟು ವರ್ಷ ಅದನ್ನು ಕೇಳಬೇಕೆಂದೇ ಪೆರಿಯನಾಯಕಿಗೆ ತೋಚಿರಲಿಲ್ಲ. ಗೋಕಿಲಾ ಗೋಡೆ ಸವರುತ್ತ ಎದ್ದು ಬಂದಳು.

"ಕಣ್ಣೂ, ನನ್ನ ಚಿನ್ನಾ, ಕನಸು ಬಿತ್ತಾ?"

"ಆಮಾ, ಬಿತ್ತು. ಅಪ್ಪ ಬಂದ್ರು."

ಅರೆಯುತ್ತಿದ್ದ ಕೈ ನಿಂತಿತು. "ಮುಖ ಹೇಗಿತ್ತು?"

"ಇಲ್ಲೆ ಅಮ್ಮಾ, ಮುಖ ಇರ್ಲಿಲ್ಲ. ನೂಲಿನ ಗಂಜಿ ವಾಸನೆ ಬಂತು. ತಲೆ ಮೇಲೆ ಕೈ ಇಟ್ರು, ಒರಟು ಕೈ. ಅಪ್ಪನೇ ಅಮ್ಮಾ."

ಪೆರಿಯನಾಯಕಿ ಸೆರಗು ಬಾಯಿಗಿಟ್ಟುಕೊಂಡಳು. ಕಣ್ಣು ಬಂದಿರಲಿಲ್ಲ, ಬರುವುದೂ ಇಲ್ಲ. ತನ್ನ ಕನಸಿಗೆ ಒಮ್ಮೆಯೂ ಬಾರದ ಗಂಡ ಮಗಳ ತಲೆ ಸವರಿ ಹೋಗಿದ್ದ. ಸೊಪ್ಪನ್ನು ಹಿತ್ತಲಿಗೆ ಚೆಲ್ಲಿ ಬಂದು, ಅಳುತ್ತಲೇ ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದಳು.

ಅವಳು ತುಂಬುತ್ತಿರಲಿ, ಅಷ್ಟರಲ್ಲಿ ನಿಮಗೊಂದು ಮಾತು. ಹುಟ್ಟಿನಿಂದ ಕಾಣದವರಿಗೂ ಕನಸುಂಟು. ದನಿ, ವಾಸನೆ, ಸ್ಪರ್ಶಗಳೇ ಅಲ್ಲಿ ಬರುತ್ತವೆ. ನಿದ್ದೆಯಲ್ಲಿ ಆಡುವ ಕಣ್ಣು ದೃಷ್ಟಿ ಬಂದ ಗುರುತಲ್ಲ. ಕಂಡಕಂಡ ಸೊಪ್ಪಿನ ರಸವನ್ನು ಕಣ್ಣಿಗೆ ಹಿಂಡಬೇಡಿ, ವೈದ್ಯರಿಗೆ ತೋರಿಸಿ. ಮಗುವಿನ ಶಾಲೆ ತಪ್ಪಿಸಬೇಡಿ. ಏನು ಕನಸು ಬಿತ್ತೆಂದು ಪಕ್ಕದಲ್ಲಿ ಕೂತು ಕೇಳಿ.

"ಏ ನಾಯಕೀ, ಕಾಪಿ ಏನಾಯ್ತು?"

ನಟರಾಜನದೇ ಗಡಸು ದನಿ! ಪೆರಿಯನಾಯಕಿ ಬಟ್ಟೆ ಬಿಸುಟು, "ಇಗೋ ತರ್ತೀನಿ, ತರ್ತೀನಿ!" ಎಂದು ಒಲೆಯ ಬಳಿಗೆ ಓಡಿ, ಪಾತ್ರೆಗೆ ನೀರನ್ನೂ ಸುರಿದಳು. ಆಮೇಲೆ ತಿರುಗಿ ನೋಡಿದರೆ, ಅಪ್ಪನ ದನಿ ತೆಗೆದ ಗೋಕಿಲಾ ನಗು ತಡೆಯಲು ತುಟಿ ಕಚ್ಚಿ ಬಾಗಿಲಲ್ಲಿ ನಿಂತಿದ್ದಾಳೆ. ಶೋಭನಾ ಮೊದಲು ನಕ್ಕಳು, ಗೋಕಿಲಾ ಆಮೇಲೆ. ಕೆನ್ನೆಯ ನೀರೂ ಒರೆಸಿಕೊಳ್ಳದೆ, ಪಾತ್ರೆ ಹಿಡಿದೇ, ಎಲ್ಲರಿಗಿಂತ ಜೋರಾಗಿ ನಕ್ಕವಳು ಪೆರಿಯನಾಯಕಿ.