ಪೆಟ್ಟಿಗೆಗೆ ಬಿದ್ದ ಅರ್ಧ ಪಾಸು

ನನ್ನ ಗಂಡ ಮೂವತ್ತೆರಡು ವರ್ಷ ಒಂದೇ ಟಾಕೀಸಿನ ಒಂದೇ ಬಾಗಿಲಲ್ಲಿ ನಿಂತು ಟಿಕೆಟ್ ಹರಿದವರು. ಊರಿಗೆಲ್ಲ ಅವರು ಗೇಟಪ್ಪ. ಮದುವೆಯಾಗಿ ಬಂದ ಮೇಲೆ ನಾನು ಗೇಟಪ್ಪನ ಹೆಂಡತಿ. ಆ ಊರಿನ ಅರ್ಧ ಮಕ್ಕಳು ಶಾಲೆಗೆ ಹಾಕಿಕೊಂಡು ಹೋಗುವ ಯೂನಿಫಾರ್ಮು ನನ್ನ ಮೆಷಿನ್ನಿನಿಂದಲೇ ಹೊರಟದ್ದು, ಆದರೂ ನನ್ನನ್ನು ಟೈಲರಮ್ಮ ಎಂದು ಒಬ್ಬ ನರಪಿಳ್ಳೆಯೂ ಕರೆಯಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ. ಇರಲಿ, ಅದು ಬೇರೆ ಕಥೆ.

ಟಿಕೆಟ್ ಹರಿಯುವುದೆಂದರೆ ಏನು ಮಹಾ ಎನ್ನಬೇಡಿ. ನಮ್ಮವರು ಕಾಗದವನ್ನು ಮಡಚದೆ, ನೋಡದೆ, ಎರಡು ಬೆರಳಿನಲ್ಲಿ ಹಿಡಿದು ಒಂದೇ ಎಳೆತಕ್ಕೆ ಹರಿಯುತ್ತಿದ್ದರು. ನಾನು ಕತ್ತರಿ ಹಿಡಿದರೂ ಅಷ್ಟು ನೆಟ್ಟಗೆ ಬರುವುದಿಲ್ಲ. ಅರ್ಧ ಬಂದವರ ಕೈಗೆ, ಅರ್ಧ ಪಕ್ಕದ ಮರದ ಪೆಟ್ಟಿಗೆಯ ಸೀಳಿನೊಳಕ್ಕೆ. ಆಟ ಶುರುವಾದ ಮೇಲೂ ತಡವಾಗಿ ಬರುವವರ ಮೆರವಣಿಗೆ ಮುಗಿಯುತ್ತಿರಲಿಲ್ಲ. ಒಬ್ಬೊಬ್ಬರಿಗೂ ಟಾರ್ಚು ಹಿಡಿದು ಸೀಟು ತೋರಿಸಬೇಕು. ಇವರು ಒಳಗೆ ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದದ್ದು ಇಂಟರ್ವಲ್ ಕಳೆದ ಮೇಲೆಯೇ. ಹೀಗಾಗಿ ಆ ಟಾಕೀಸಿಗೆ ಬಂದ ಅಷ್ಟೂ ಸಿನಿಮಾಗಳ ಕೊನೆ ನನ್ನ ಗಂಡನಿಗೆ ಗೊತ್ತು, ಒಂದರ ಶುರುವೂ ಗೊತ್ತಿಲ್ಲ. ಊಟಕ್ಕೆ ಕೂತಾಗ, ಆ ಅಣ್ಣ ತಮ್ಮ ಮೊದಲು ಬೇರೆಯಾದದ್ದಾದರೂ ಯಾಕೆ ಎಂದು ಕೇಳುವರು. ನಾನು ಶುರು ಹೇಳುವೆ, ಅವರು ತಲೆಯಾಡಿಸುತ್ತ ತಮ್ಮ ಕೊನೆಗೆ ಅದನ್ನು ಜೋಡಿಸಿಕೊಳ್ಳುವರು.

ಒಂದು ದಿನ ರಜೆ ಹಾಕಿ ನನ್ನ ಪಕ್ಕ ಕೂತು ನೋಡಿ ಎಂದು ನಾನು ಬೇಡಿದ್ದಕ್ಕೆ ಲೆಕ್ಕವಿಲ್ಲ. ಒಂದೇ ಒಂದು ಸಲ ಕೂತರು. ಹೆಸರು ಬೀಳುವಷ್ಟರಲ್ಲಿ ಮೂರು ಸಲ ಎದ್ದು ಯಾರಿಗೋ ಸೀಟು ತೋರಿಸಿ ಬಂದರು, ನಾಲ್ಕನೆಯ ಸಲ ಎದ್ದವರು ಬರಲೇ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಬಿಟ್ಟುಬಿಟ್ಟೆ. ಆದರೆ ಅವರ ಪಕ್ಕ ಕೂತು ಒಂದೇ ಒಂದು ಆಟವನ್ನು ಶುರುವಿನಿಂದ ನೋಡಬೇಕೆಂಬ ಆಸೆ ಮಾತ್ರ ಹೊಟ್ಟೆಯೊಳಗೆ ಹಾಗೇ ಇತ್ತು.

ಕಳೆದ ವರ್ಷ ಟಾಕೀಸು ಮುಚ್ಚಿತು. ಇವರು ಮನೆಯಲ್ಲಿ ಕೂತು, ಬಂದವರಿಗೆಲ್ಲ ಬಾಗಿಲು ತೆರೆಯುವುದನ್ನೇ ಕೆಲಸ ಮಾಡಿಕೊಂಡರು. ನರ್ಸಾಗಿರುವ ಮಗಳಿಗೆ ಅಪ್ಪನನ್ನು ನೋಡಿ ಕನಿಕರವಾಗಿ, ನನ್ನನ್ನು ನೋಡಿ ಇನ್ನೂ ಹೆಚ್ಚು ಕನಿಕರವಾಗಿ, ದೊಡ್ಡ ಪೇಟೆಯೊಂದನ್ನು ಸುತ್ತಿ ಬನ್ನಿ ಎಂದು ರೈಲು ಹತ್ತಿಸಿದಳು. ಜೊತೆಗೆ ಒಂದು ಪಾಸು. ಇಬ್ಬರಿಗೆ ಒಂದೇ ಪಾಸು, ಎರಡು ದಿನ, ಹನ್ನೊಂದು ಜಾಗ. ಗಟ್ಟಿ ಕಾಗದದ ಉದ್ದನೆಯ ಚೀಟಿ. ಒಂದು ತುದಿಯಲ್ಲಿ ಮೆಷಿನ್ನು ಓದುವ ಕಪ್ಪು ಗೆರೆಗಳು, ಇನ್ನೊಂದು ತುದಿಯಲ್ಲಿ ನಮ್ಮ ಹೆಸರು ಮತ್ತು ತಾರಾಲಯದ ಸೀಟಿನ ನಂಬರು. ಎರಡನೆಯ ದಿನ ಸಂಜೆ ನಾಲ್ಕರ ಆಟ, ಎಂಟನೆಯ ಸಾಲು, ಹನ್ನೆರಡು ಮತ್ತು ಹದಿಮೂರು. ಪಕ್ಕಪಕ್ಕ. ನನಗೆ ಉಳಿದ ಹತ್ತು ಜಾಗ ಇದ್ದರೂ ಒಂದೇ, ಬಿಟ್ಟರೂ ಒಂದೇ.

ಮೊದಲ ದಿನ ಬೆಳಿಗ್ಗೆ ಲಾಡ್ಜಿನ ರೂಮಿನಲ್ಲಿ ಚೀಲ ಇಳಿಸಿ, ಸೋರುವ ನಲ್ಲಿಗೆ ಬಟ್ಟೆ ಕಟ್ಟಿ, ಸೀದಾ ಹಳೆಯ ಟ್ರಾಮುಗಳ ಮ್ಯೂಸಿಯಮ್ಮಿಗೆ ಹೋದೆವು. ಬಾಗಿಲಲ್ಲಿ ದಪ್ಪ ಮೀಸೆಯ ಒಬ್ಬರು ನಿಂತಿದ್ದರು. ಅವರ ಎಡಕ್ಕೆ ಗೋಡೆಗೆ ಬಡಿದ ಒಂದು ಮರದ ಪೆಟ್ಟಿಗೆ, ಮೇಲೊಂದು ಸೀಳು. ನಾನು ಪರ್ಸಿನಿಂದ ಪಾಸು ತೆಗೆದು ಗಂಡನ ಕೈಗೆ ಕೊಟ್ಟೆ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದೆ. ಅಷ್ಟೇ. ಪರ್ ಎಂದು ಶಬ್ದ ಕೇಳಿತು. ತಲೆಯೆತ್ತಿದರೆ ನನ್ನ ಗಂಡ ಅರ್ಧ ಪಾಸನ್ನು ನನ್ನ ಮುಂದೆ ಹಿಡಿದಿದ್ದಾರೆ, ಇನ್ನರ್ಧ ಪೆಟ್ಟಿಗೆಯೊಳಗೆ ಹೋಗಿಯಾಗಿದೆ.

"ಮೇಲೆ ಹೋಗಿ, ಎಡಗಡೆ" ಎಂದರು ನನಗೆ.

ಮೀಸೆಯವರು ಬಾಯಿ ತೆರೆದವರು ಮುಚ್ಚಲಿಲ್ಲ. ನಾನು ಪೆಟ್ಟಿಗೆಯ ಮೇಲಿನ ಅಕ್ಷರ ಓದಿದೆ: ಸಲಹಾ ಪೆಟ್ಟಿಗೆ. ಇವರಿಗೆ ಆಗ ಎಚ್ಚರವಾಯಿತು. ಕೈ ನೋಡಿಕೊಂಡರು, ಪೆಟ್ಟಿಗೆ ನೋಡಿದರು, ನನ್ನ ಮುಖ ಮಾತ್ರ ನೋಡಲಿಲ್ಲ. ಬೀಗದ ಕೈ ಮ್ಯಾನೇಜರಮ್ಮನ ಹತ್ತಿರ ಇದೆ, ಅವರು ರಜೆಯಲ್ಲಿದ್ದಾರೆ, ನಾಳೆ ಮಧ್ಯಾಹ್ನ ಬರುತ್ತಾರೆ ಎಂದು ಮೀಸೆಯವರು ಸಮಾಧಾನ ಹೇಳಿದರು. ಕಪ್ಪು ಗೆರೆಯ ತುಂಡು ನಮ್ಮ ಕೈಯಲ್ಲೇ ಉಳಿದಿತ್ತು. ಮೆಷಿನ್ನು ಅದನ್ನು ನೋಡಿ ಕೀ ಎಂದಿತು. ನಾನೂ ಏನೋ ಅಂದೆ, ಅದನ್ನು ಇಲ್ಲಿ ಬರೆಯುವುದು ಬೇಡ. ಒಳಗೆ ನಾನು ಒಬ್ಬಳೇ ಟ್ರಾಮು ನೋಡಿದೆ. ಇವರು ಬಾಗಿಲಲ್ಲೇ ಉಳಿದು ಮೀಸೆಯವರ ಜೊತೆ ಮಾತಿಗೆ ನಿಂತರು.

ಮುಂದಿನದು ಗಡಿಯಾರ ಗೋಪುರ. ಅಲ್ಲಿ ಗೇಟಿನ ಹುಡುಗಿ ನಮ್ಮ ಅರ್ಧ ಪಾಸನ್ನು ತಿರುಗಿಸಿ ನೋಡಿ, ಬೇರೆಲ್ಲ ಕಡೆ ಇದು ನಡೆಯುತ್ತೆ, ತಾರಾಲಯದಲ್ಲಿ ನಡೆಯುವುದಿಲ್ಲ ಎಂದಳು. ಅಲ್ಲಿ ಸೀಟಿನ ನಂಬರು ನೋಡದೆ ಒಳಗೆ ಬಿಡುವುದಿಲ್ಲವಂತೆ. ಬೇರೆ ಟಿಕೆಟ್ಟಾದರೂ ಸಿಗುತ್ತದೇನೋ ಎಂದು ಇವರ ಕೈಯಲ್ಲಿ ತಾರಾಲಯಕ್ಕೆ ಫೋನ್ ಮಾಡಿಸಿದೆ. ಮಾತಾಡಿ ಮುಗಿಸಿ ನನ್ನ ಕಡೆ ತಿರುಗಿದರೆ ಮುಖದಲ್ಲಿ ಹಬ್ಬದ ಕಳೆ.

"ಹೌಸ್‌ಫುಲ್ಲಂತೆ ಕಣೇ. ಎರಡು ದಿನವೂ."

ಇಂಥ ಮನುಷ್ಯನ ಜೊತೆ ಏನು ಜಗಳ ಆಡುವುದು? ನಾನು ಮೆಟ್ಟಿಲು ಹತ್ತಿದೆ. ಇನ್ನೂರು ಮೆಟ್ಟಿಲು ಹತ್ತಿ ಮೇಲಿನಿಂದ ಊರು ನೋಡಿದರೆ, ಕೆಳಗೆ ನನ್ನ ಗಂಡ ಸಾಲಿನಲ್ಲಿ ನಿಂತವರನ್ನು ಎರಡು ಸಾಲಾಗಿ ಮಾಡುತ್ತಿರುವುದು ಕಾಣಿಸಿತು. ಮೀನಿನ ಮನೆಯಲ್ಲಿ ನಾನು ಮೀನು ನೋಡಿದೆ, ಅವರು ಗೇಟಿನವನ ಕೈ ಎಷ್ಟು ನಿಧಾನ ಎಂದು ನೋಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದು ನಮ್ಮನ್ನು ನೋಡಿಯೇ ಹುಟ್ಟಿದ ಗಾದೆ. ದೋಣಿ ಕಟ್ಟೆಯಲ್ಲಂತೂ ಒಂದು ದೊಡ್ಡ ಸಂಸಾರ, ಅಜ್ಜಿಯಿಂದ ಕೈಗೂಸಿನವರೆಗೆ, ಇವರನ್ನೇ ಗೇಟಿನವರೆಂದು ತಿಳಿದು ಒಂಬತ್ತು ಟಿಕೆಟ್ಟು ತಂದು ಕೈಯಲ್ಲಿಟ್ಟಿತು. ಇವರ ಬೆರಳು ಆಡತೊಡಗಿದ್ದು ನನಗೆ ದೂರದಿಂದಲೇ ಕಾಣಿಸಿತು. ಓಡಿಹೋಗಿ ಕೈ ಹಿಡಿದುಕೊಂಡೆ.

ಸಂಜೆ ರೂಮಿನಲ್ಲಿ ಮಂಚದ ತುದಿಗೆ ಕೂತು ಇವರು ಕಾಲು ಒತ್ತಿಕೊಳ್ಳುತ್ತಿದ್ದರು. ಒತ್ತಿಕೊಳ್ಳುತ್ತಲೇ, ತಪ್ಪಾಯ್ತು, ಬೇಕಂತ ಮಾಡಿದ್ದಲ್ಲ, ಪೆಟ್ಟಿಗೆ ಕಂಡ ಕೂಡಲೇ ಕೈ ತಾನಾಗಿ ಹೋಯಿತು ಎಂದರು. ಅದು ನನಗೂ ಗೊತ್ತಿತ್ತು. ಬೇಕಂತ ಮಾಡಿದ್ದರೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿತ್ತು. ಮೂವತ್ತೆರಡು ವರ್ಷ ಕಾದವಳಿಗೆ ಇನ್ನೊಂದು ದಿನ ಕಾಯುವುದು ಯಾಕೆ ಇಷ್ಟು ಕಷ್ಟವಾಗುತ್ತಿದೆ ಎಂದು ನನ್ನನ್ನೇ ಕೇಳಿಕೊಂಡೆ. ಕೇಳಿಕೊಳ್ಳುತ್ತಲೇ ನಿದ್ದೆ ಬಂತು.

ಎರಡನೆಯ ದಿನ ಒಂದು ಗಂಟೆಗೇ ಹೋಗಿ ಮ್ಯೂಸಿಯಮ್ಮಿನ ಬಾಗಿಲಲ್ಲಿ ನಿಂತೆವು. ಪಾಸಿನಲ್ಲಿ ತಾರಾಲಯ ಬಿಟ್ಟು ಇನ್ನೂ ಐದು ಜಾಗ ಉಳಿದಿದ್ದವು, ಹಾಳಾಗಿ ಹೋಗಲಿ ಎಂದೆ. ಮ್ಯಾನೇಜರಮ್ಮ ಬಂದಾಗ ಮೂರು ಹೊಡೆದಿತ್ತು. ಒಳ್ಳೆಯ ಹೆಂಗಸು, ನಮ್ಮ ಕಥೆ ಕೇಳಿ ನಗಲಿಲ್ಲ, ಅಥವಾ ಕನ್ನಡಕ ಒರೆಸುವ ನೆಪದಲ್ಲಿ ನಕ್ಕರು. ಗೊಂಚಲು ಬೀಗದ ಕೈ ತಂದು ಒಂದೊಂದಾಗಿ ಹಾಕಿ ನೋಡಿದರು. ಒಂದೂ ತಿರುಗಲಿಲ್ಲ. ಆ ಪೆಟ್ಟಿಗೆಯನ್ನು ತಾನು ಬಂದ ಮೇಲೆ ತೆರೆದೇ ಇಲ್ಲ, ಹಿಂದಿನವರು ತೆರೆದದ್ದೂ ಕೇಳಿಲ್ಲ ಎಂದರು. ಮೀಸೆಯವರು ಒಡೆದೇ ಬಿಡೋಣ ಎಂದರು. ಅದಕ್ಕೆ ನಮ್ಮವರು, ಪೆಟ್ಟಿಗೆ ಒಡೆಯೋದು ಸರಿಯಲ್ಲ, ಒಳಗೆ ಬಿದ್ದದ್ದು ಆಫೀಸಿನದ್ದು ಎಂದು ನ್ಯಾಯ ಹೇಳತೊಡಗಿದರು. ನನಗೆ ಮೈಯೆಲ್ಲ ಉರಿಯಿತು.

"ನೀವು ಸ್ವಲ್ಪ ಸುಮ್ಮನೆ ಪಕ್ಕಕ್ಕೆ ನಿಲ್ರಿ" ಎಂದೆ.

ಪರ್ಸಿನಲ್ಲಿ ಏನಿಲ್ಲದಿದ್ದರೂ ಅಳತೆ ಟೇಪು ಮತ್ತು ಪಿನ್ನು ಇಲ್ಲದೆ ನಾನು ಮನೆಯ ಹೊಸ್ತಿಲು ದಾಟುವುದಿಲ್ಲ. ಎರಡು ಗುಂಡುಪಿನ್ನನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಟೇಪಿನ ತುದಿಗೆ ಚುಚ್ಚಿದೆ, ಸೀಳಿನೊಳಗೆ ಇಳಿಬಿಟ್ಟೆ. ಮೀಸೆಯವರು ಟಾರ್ಚು ಹಿಡಿದರು. ಮೊದಲು ಒಂದು ಚಾಕಲೇಟಿನ ಕಾಗದ ಬಂತು. ಆಮೇಲೆ ಬಸ್ಸಿನ ಟಿಕೆಟ್ಟು. ಆಮೇಲೆ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ. ಹಳೆಯದೇನಲ್ಲ, ನಮ್ಮ ಲಾಡ್ಜಿನ ರಸೀದಿಯ ಹಿಂಬದಿ. ಬಿಡಿಸಿದೆ. ಅಕ್ಷರ ನನ್ನ ಗಂಡನದ್ದು. ಹಿಂದಿನ ದಿನ ನಾನು ಒಳಗೆ ಟ್ರಾಮು ನೋಡುತ್ತಿದ್ದಾಗ ಬರೆದು ಹಾಕಿದ್ದರು. ನಾನು ಗಟ್ಟಿಯಾಗಿಯೇ ಓದಿದೆ.

"ಇಲ್ಲಿ ಬಾಗಿಲಲ್ಲಿ ನಿಲ್ಲುವವರಿಗೆ ಒಂದು ಸ್ಟೂಲು ಕೊಡಿ. ಕಾಲು ನೋಯುತ್ತದೆ. ಅವರು ಹೇಳುವುದಿಲ್ಲ."

ಮೀಸೆಯವರು ಟಾರ್ಚನ್ನು ಚೀಟಿಯ ಕಡೆ ತಿರುಗಿಸಿ ತಾವೂ ಒಮ್ಮೆ ಓದಿಕೊಂಡರು. ನಮ್ಮವರು ಮೇಲಿನ ಸೂರು ನೋಡುತ್ತ ನಿಂತಿದ್ದರು. ಮೂವತ್ತೆರಡು ವರ್ಷ ಪ್ರತಿ ರಾತ್ರಿ ಇವರ ಕಾಲಿಗೆ ಎಣ್ಣೆ ತಿಕ್ಕಿದವಳು ನಾನು. ನೋಯುತ್ತಾ ಎಂದು ಕೇಳಿದರೆ ಒಂದು ದಿನವೂ ಹೌದು ಎಂದವರಲ್ಲ. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು, ಎರಡರಲ್ಲಿ ಯಾವುದು ಮೊದಲು ಎಂದು ತಿಳಿಯದೆ ಮತ್ತೆ ಟೇಪನ್ನೇ ಇಳಿಬಿಟ್ಟೆ. ಮ್ಯಾನೇಜರಮ್ಮ ಆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ತಮ್ಮ ಡೈರಿಯಲ್ಲಿ ಇಟ್ಟುಕೊಂಡರು. ಒಳಗೆ ಹೋಗಿ, ತಾವು ಕೂರುವ ಕೋಣೆಯಿಂದ ಒಂದು ಸ್ಟೂಲನ್ನು ತಾವೇ ಎತ್ತಿಕೊಂಡು ಬಂದು ಬಾಗಿಲ ಪಕ್ಕ ಇಟ್ಟರು.

ಐದನೆಯ ಎಳೆತಕ್ಕೆ ಅರ್ಧ ಪಾಸು ಬಂತು. ಮೀಸೆಯವರು ಆಟೋ ಕರೆದರು. ಹತ್ತಿ ತಿರುಗಿ ನೋಡಿದರೆ ಅವರು ಸ್ಟೂಲಿನ ಮೇಲೆ ಕೂತು ಕೈ ಬೀಸುತ್ತಿದ್ದರು.

ತಾರಾಲಯದ ಬಾಗಿಲು ತಲುಪಿದಾಗ ನಾಲ್ಕಕ್ಕೆ ಮೂರು ನಿಮಿಷ. ಗೇಟಿನಲ್ಲಿ ಕಡ್ಡಿ ಹಾಗಿದ್ದ ಒಬ್ಬಾಕೆ, ಮುಖದಲ್ಲಿ ನಗುವಿಲ್ಲ. ನಮ್ಮ ಎರಡು ತುಂಡು ಇಸಿದುಕೊಂಡು, ಹರಿದ ಟಿಕೆಟ್ಟು ತಗೊಳ್ಳೋ ಹಾಗಿಲ್ಲ ಎಂದಳು. ನಮ್ಮವರು ಕೂಡಲೇ ಹೌದಮ್ಮ, ನಾನಾಗಿದ್ದರೂ ಬಿಡ್ತಿರಲಿಲ್ಲ ಎಂದರು. ನಾನು ಅವರ ಕಾಲು ತುಳಿದೆ. ಆಗ ಅವರು ಹಿಂಜರಿಯುತ್ತ, ಎರಡು ತುಂಡನ್ನೂ ಜೋಡಿಸಿ ನೋಡಿ, ಒಂದೇ ಪಾಸು ಹೌದೋ ಅಲ್ಲವೋ ಅಂತ ಅಂಚೇ ಹೇಳುತ್ತೆ ಎಂದರು. ಆಕೆ ಮೇಜಿನ ಮೇಲೆ ಜೋಡಿಸಿದಳು. ನಡುವೆ ಕೂದಲೆಳೆಯಷ್ಟೂ ಸಂದು ಕಾಣಲಿಲ್ಲ.

"ಬ್ಲೇಡಲ್ಲಿ ಕೊಯ್ದಿದ್ದಾ?" ಎಂದಳು.

"ಕೈಯಲ್ಲಿ" ಎಂದರು ನಮ್ಮವರು.

ಆಕೆ ಒಂದು ಸಲ ಅವರ ಬೆರಳು ನೋಡಿದಳು, ಒಂದು ಸಲ ಮುಖ ನೋಡಿದಳು. ಯಾವ ಟಾಕೀಸು ಅಂಕಲ್ ಎಂದು ಕೇಳಿ ಬಾಗಿಲು ತೆರೆದಳು.

ಎಂಟನೆಯ ಸಾಲು, ಹನ್ನೆರಡು, ಹದಿಮೂರು. ಬೆನ್ನು ಹಿಂದಕ್ಕೆ ಮಲಗುವ ಮೆತ್ತನೆಯ ಕುರ್ಚಿ. ದೀಪ ಆರಿತು. ಅಷ್ಟರಲ್ಲಿ ಯಾರೋ ಇಬ್ಬರು ತಡವಾಗಿ ಬಂದು ಕತ್ತಲೆಯಲ್ಲಿ ಮೆಟ್ಟಿಲು ತಡವತೊಡಗಿದರು. ಪಕ್ಕದ ಕುರ್ಚಿ ಕಿರ್ ಎಂದಿತು. ಇವರು ಅರ್ಧ ಎದ್ದಾಗಿತ್ತು, ಇಲ್ಲದ ಟಾರ್ಚಿಗಾಗಿ ಕೈ ಜೇಬಿಗೆ ಹೋಗಿತ್ತು. ನಾನು ಅಂಗಿಯ ಚುಂಗು ಹಿಡಿದು ಎಳೆದೆ. ನಾನೇ ಹೊಲಿದ ಅಂಗಿ, ಹರಿಯುವ ಭಯವಿರಲಿಲ್ಲ.

"ಕೂತ್ಕೊಳ್ರಿ. ಇವತ್ತು ಆ ಹುಡುಗಿ ಡ್ಯೂಟಿ."

ಕೂತರು. ತಡವಾಗಿ ಬಂದವರಿಗೆ ಆ ಕಡ್ಡಿ ಹುಡುಗಿ ಬೆಳಕು ಹಿಡಿದು ದಾರಿ ತೋರಿಸಿದಳು. ಇವರು ಕತ್ತು ತಿರುಗಿಸಿ ಅದನ್ನು ಕೊನೆಯವರೆಗೂ ನೋಡಿ, ಸರಿಯಾಗಿ ಮಾಡಿದಳು ಎಂಬಂತೆ ಉಸಿರು ಬಿಟ್ಟು, ಹಿಂದಕ್ಕೆ ಒರಗಿದರು. ಮೇಲೆ ಒಂದು ಚುಕ್ಕಿ ಮೂಡಿತು. ಆಮೇಲೆ ನಾಲ್ಕು, ಆಮೇಲೆ ಲೆಕ್ಕವಿಲ್ಲದಷ್ಟು. ಒಂದು ದನಿ ನಿಧಾನವಾಗಿ, ಮೊದಮೊದಲು ಏನೂ ಇರಲಿಲ್ಲ ಎಂದು ಹೇಳತೊಡಗಿತು. ನನ್ನ ಗಂಡ ನನ್ನ ಕೈ ಹಿಡಿದುಕೊಂಡರು.

"ಶುರು ಅಂದ್ರೆ ಹೀಗಿರುತ್ತೇನೇ?" ಎಂದರು, ಕಿವಿಯ ಹತ್ತಿರ.

ಹೀಗೇ ಇರುತ್ತೆ, ಸುಮ್ಮನೆ ನೋಡಿ ಎಂದೆ. ಅರ್ಧ ಗಂಟೆ ಅವರು ಕಣ್ಣು ಮುಚ್ಚಲಿಲ್ಲ, ಬಾಗಿಲ ಕಡೆ ತಿರುಗಲಿಲ್ಲ, ಸೂರ್ಯ ಹುಟ್ಟಿದಾಗ ಹಾಂ ಎಂದರು, ಭೂಮಿ ತಣ್ಣಗಾದಾಗ ನನ್ನ ಕೈ ಒತ್ತಿದರು. ಇಂಟರ್ವಲ್ ಬರಬೇಕಾಗಿದ್ದ ಹೊತ್ತಿಗೆ, ಎರಡು ದಿನ ಊರಿನ ಗೇಟುಗಳನ್ನೆಲ್ಲ ಕಾದ ಆಯಾಸವೋ ಏನೋ, ನನ್ನ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆದರು. ನಾನು ಎಬ್ಬಿಸಲಿಲ್ಲ.

ರೈಲಿನಲ್ಲಿ ಊಟದ ಪೊಟ್ಟಣ ಬಿಚ್ಚುತ್ತಿದ್ದಾಗ ಇವರು ಮೆಲ್ಲಗೆ ಕೇಳಿದರು, ಆಮೇಲೆ ಕೊನೆಗೆ ಏನಾಯ್ತೇ ಎಂದು. ಮದುವೆಯಾದಂದಿನಿಂದ ಮೊದಲ ಸಲ ನಾನು ಅವರಿಗೆ ಕೊನೆ ಹೇಳಿದೆ.