ಎಲ್ಲಾರ ಗಿರಣಿ

ಪಾಮನಕಲ್ಲೂರಿನ ಹೆಂಗಸರ ಸಂಘಕ್ಕ ಸರಕಾರ ಹಿಟ್ಟಿನ ಗಿರಣಿ ಕೊಟ್ಟು ಎರಡು ವರ್ಷ ಆಗಿತ್ತು. ಮೂವತ್ತು ಮಂದಿ ಹೆಂಗಸರದು ಅಂತ ಬೋರ್ಡಿನ ಮ್ಯಾಲೆ ಬರದಿತ್ತು. ಬೋರ್ಡು, ಗಿರಣಿ ಎರಡೂ ಇದ್ದದ್ದು ಮಾತ್ರ ಅಧ್ಯಕ್ಷೆ ಪಾರ್ವತೆಮ್ಮನ ಪಡಸಾಲ್ಯಾಗ! ಸಂಘದ ಖೋಲಿ ಕಟ್ಟೂತನಕ ಇಲ್ಲೇ ಇರಲಿ ಅಂದಿದ್ದಳು. ಆದೆಮ್ಮ, ಹಾಜಿರಾಬೀ, ಉಳಿದವರು ಕಲ್ಲು ಮಣ್ಣು ಹೊತ್ತು ಖೋಲಿ ಕಟ್ಟಿ ಆರು ತಿಂಗಳಾದರೂ ಗಿರಣಿ ಅಲುಗಲಿಲ್ಲ.

ಇದ್ದದ್ದು ಒಂದೇ ಬೀಸೂ ಕಲ್ಲು. ಪಾರ್ವತೆಮ್ಮನ ಮಂದಿಯ ಮೆಣಸಿನಕಾಯಿ ಬೀಸಿದ ಮ್ಯಾಲೆ, ಕಲ್ಲಿನ ಖಾರ ಹೋಗಲಿ ಅಂತ ಮೊದಲು ಹಾಕ್ತಿದ್ದದ್ದು ಆದೆಮ್ಮನ ಜ್ವಾಳ. ಆ ಹಿಟ್ಟಿನ ರೊಟ್ಟಿ ತಿಂದು ಮೂರು ವರ್ಷದ ಮಗಳು ಬಾಯಿ ಉರಿ ಅಂತ ಹೊರಳಾಡಿ ಅಳೋದು. ಥೂ, ಇದೂ ಒಂದು ಅಧ್ಯಕ್ಷಗಿರಿ ಏನು?

"ಶನಿವಾರ ಮೀಟಿಂಗಿನ್ಯಾಗ ಗಿರಣಿ ಆಕಿ ಮನ್ಯಾಗ ಇರಲಿ ಅಂತ ಕೇಳಿದ್ರ ನಾ ಕೈ ಎತ್ತಂಗಿಲ್ಲ. ಗಿರಣಿ ನಮ್ಮ ಖೋಲಿಗೇ ಬರಬೇಕು" ಅಂತ ಆದೆಮ್ಮ ನೀರಿಗೆ ಹೋದಲ್ಲೆಲ್ಲಾ ಹೇಳಿದಳು.

ಶುಕ್ರವಾರ ಪಾರ್ವತೆಮ್ಮ ಕರೆ ಕಳಿಸಿದಳು. ಶ್ರಾವಣದಾಗ ಉಡಿ ತುಂಬತೀನಿ ಅಂತ ಕರದ್ರ ಮುತ್ತೈದಿ ಆದಾಕಿ ಒಲ್ಲೆ ಅನ್ನಬಾರದು. ಅಕ್ಕಿ, ಕೊಬ್ಬರಿ, ಎಲಿ-ಅಡಿಕಿ, ಮ್ಯಾಲೊಂದು ಕುಪ್ಪಸದ ಖಣ. ದೇವರ ಕಾರ್ಯ ಅಂದ್ಕೊಂಡು ಆದೆಮ್ಮ ಸೆರಗೊಡ್ಡಿ, ಕಾಲಿಗೂ ಬಿದ್ದು ಬಂದಳು.

ಮರುದಿನ ಮೀಟಿಂಗಿನ್ಯಾಗ ಕುರ್ಚಿ ಮ್ಯಾಲೆ ಕುಂತಾವ ಪಾರ್ವತೆಮ್ಮನ ಗಂಡ ಶಿವಶರಣಪ್ಪ. ಹೆಂಗಸರ ಸಂಘ, ಹೆಂಗಸರು ನೆಲದ ಮ್ಯಾಲೆ!

"ಗಿರಣಿ ಕಾಯಂ ನಮ್ಮ ಮನ್ಯಾಗ ಇರಲಿ ಅನ್ನೋರು ಕೈ ಎತ್ರಿ" ಅಂದ.

ಪಾರ್ವತೆಮ್ಮ ಬಗ್ಗಿ ಆದೆಮ್ಮನ ಕಿವ್ಯಾಗ ಅಂದಳು, "ಉಡಿ ತುಂಬಿದ ಮನಿಗೆ ಎರಡು ಬಗೀತಿ ಏನು ತಂಗೀ? ಕೂಸಿನ ತಾಯಿ ಅದಿ, ನೋಡು."

ಉಡಿ ತುಂಬಿಸ್ಕೊಂಡ ಮನಿಗೆ ಕೇಡು ಬಗದ್ರ ಮಕ್ಕಳಿಗೆ ತಟ್ಟತೈತಿ ಅಂತ ಆದೆಮ್ಮನ ಅವ್ವ ಹೇಳಿದ್ದಳು. ದೇವರನ್ನೂ ತಂದು ಓಟಿಗೆ ಹಚ್ಚಿದಳಲ್ಲಾ, ಎಂಥಾ ಹಲ್ಕಟ್ ಬುದ್ಧಿ ಇದು! ಮಗಳ ಮಾರಿ ಕಣ್ಣಮುಂದ ಬಂತು. ಬ್ಯಾಡ ಬ್ಯಾಡ ಅನ್ಕೋತನ ಕೈ ಎತ್ತಿದಳು. ಹಿಂದ ಒಂದೊಂದೇ ಕೈ ಎದ್ದು ಬಳಿ ಸಪ್ಪಳ ಆತು. ಎಲ್ಲಾರೂ ಒಪ್ಪ್ಯಾರ ಅಂತ ಶಿವಶರಣಪ್ಪ ರಿಜಿಸ್ಟರಿನ್ಯಾಗ ಬರಕೊಂಡ.

ಹೊರಗ ಬಂದು ಆದೆಮ್ಮ ಹಾಜಿರಾಬೀನ ರಟ್ಟಿ ಹಿಡದಳು. "ನನ್ನಂಗ ನಿಮ್ಮನ್ನೆಲ್ಲಾ ಹೆಂಗ ಕಟ್ಟಿ ಹಾಕಿದಳು ಬೇ ಆಕಿ?"

"ನಮ್ಮನ್ನ ಯಾರೂ ಕರದೇ ಇಲ್ಲವ್ವಾ" ಅಂದಳು ಹಾಜಿರಾಬೀ. "ಸುಮ್ಮನ ಕುಂತಿದ್ವಿ. ನಿನ್ನ ಕೈ ಮ್ಯಾಲೆ ಹೋತು. ಆದೆಮ್ಮನೇ ಎತ್ತ್ಯಾಳ ಅಂದ್ರ ಏನೋ ಒಳ್ಳೇದು ಇರಬೇಕು ಅಂತ ನಾವೂ ಎತ್ತಿದ್ವಿ."

ಆದೆಮ್ಮಗ ತನ್ನ ಕೈ ನೋಡ್ಕೊಳ್ಳಾಕ ಹೇಸಿಕಿ ಬಂತು.