ತಗಡಿನ ಇನ್ನೊಂದು ತುದಿ

ಹೊಳಲ್ಕೆರೆಯ ಮರುಳಸಿದ್ದಪ್ಪ ಸಂಜೆ ದೇವರ ಕೋಣೆಯೆದುರು ಕುಳಿತು ಕಾವ್ಯ ಓದುವಾಗ, ಹೆಂಚಿನ ಎರಡು ಇಳಿಜಾರು ಕೂಡುವ ಮೂಲೆಯಿಂದ ಮಳೆಹನಿ ಬೀಳುತ್ತಿತ್ತು. ಕಣ್ಣು ಮುಚ್ಚಿ ಹಾಡುವ ಅವನಿಗೆ ಯಾರೋ ದೂರದಿಂದ ತಾಳ ಹಾಕಿದಂತೆ ಕೇಳುತ್ತಿತ್ತು. ಒಂದು ಸಂಜೆ ಕಣ್ಣು ತೆರೆದರೆ, ಅಜ್ಜ ಬರೆದ ಹೊತ್ತಿಗೆಯ ಅರ್ಧ ಪುಟ ಕರಗಿ ಕಪ್ಪು ಮೋಡವಾಗಿತ್ತು.

ಆ ಮೂಲೆಗೆ ತಗಡು ಹಾಕುತ್ತಿದ್ದ ಕರೀಂ ಸಾಬ್ ತೀರಿಕೊಂಡು ವರ್ಷವಾಗಿತ್ತು. ಆಮೇಲೆ ಬಂದವನು ತಗಡಿಗೆ ಮೊಳೆ ಹೊಡೆದು ಹೋಗಿದ್ದ. ಮರುಳಸಿದ್ದಪ್ಪ ಮರುದಿನ ಸಾಬರ ಹೆಂಡತಿ ಇಮಾಂಬೀಯ ಬಾಗಿಲಿಗೆ ಹೋದ. ಆಕೆ ತಗಡಿನ ಡಬ್ಬಿಗೆ ಮುಚ್ಚಳ ಮಾಡುತ್ತಲೇ ಅವನ ಮಾತು ಕೇಳಿಸಿಕೊಂಡಳು.

"ಮೊಳೆ ಹೊಡೆದ್ರೆ ಬಿಸಿಲಿಗೆ ತಗಡು ಹಿಗ್ಗಾಕೆ ಜಾಗ ಎಲ್ಲೈತ್ರಿ? ಅಂಚಿಗೆ ಅಂಚು ಮಡಚಿ ಕೂಡಿಸ್ಬೇಕು."

"ಇಲ್ಲೇ ಮಡಚಿ ಕೊಡಮ್ಮ. ಗಂಡಸರು ಹತ್ತಿ ಇಡ್ತಾರೆ."

"ಮೂಲೆ ಮಡಚಾದು ಮೂಲೆಮ್ಯಾಲೆ ಕುಂತೇ. ಇಪ್ಪತ್ತು ವರ್ಷ ಅವರು ಈ ತುದಿ, ನಾನು ಆ ತುದಿ."

"ದೇವರ ತಲೆಮ್ಯಾಲೆ ಹೆಂಗಸು ನಿಲ್ಲಬಾರದಮ್ಮ. ಆಗ ಸಾಬರ ಜೊತೆ ನೀನೂ ಹತ್ತಿದ್ದು ನಂಗೊತ್ತಿರಲಿಲ್ಲ."

ಇಮಾಂಬೀ ನಕ್ಕಳು. "ದೇವರು ನೆಂದ್ರೆ ಅಡ್ಡಿಯಿಲ್ವೇನ್ರಿ? ಹೋಗ್ಲಿ ಬಿಡ್ರಿ. ಊರೆಲ್ಲ ಹಿಂಗೇ ಅಂತೈತೆ. ಈ ಕೈ ಇನ್ನು ಡಬ್ಬಿ ಮಾಡಿಯೇ ಸಾಯ್ಲಿ."

ಆ ಮಾತು ದಾರಿಯುದ್ದಕ್ಕೂ ಅವನ ಜೊತೆ ನಡೆದು ಬಂತು. ಮನೆಯಲ್ಲಿ ಹೆಂಡತಿ ಕೊಟ್ರಮ್ಮ ಮೊರದ ತುಂಬ ಮೆಣಸಿನಕಾಯಿ ಹಿಡಿದು ಅಟ್ಟದ ಏಣಿ ಇಳಿಯುತ್ತಿದ್ದಳು. ಎಲ್ಲವನ್ನೂ ಕೇಳಿ, "ಈ ಅಟ್ಟ ಯಾತರ ಮೇಲೈತ್ರಿ?" ಎಂದಳು, ಉತ್ತರವನ್ನೂ ತಾನೇ ಕೊಟ್ಟಳು. "ದೇವರ ಕೋಣೆ ಮೇಲೆ. ಮೂವತ್ತು ವರ್ಷದಿಂದ ದಿನಾ ಹತ್ತಿಳಿತೀನಿ. ನಾನೇನು ಗಂಡಸಾ?"

ಮರುಳಸಿದ್ದಪ್ಪ ಅಟ್ಟವನ್ನು ಹೊಸದಾಗಿ ಕಂಡವನಂತೆ ನೋಡಿದ, ಮತ್ತೆ ಇಮಾಂಬೀಯ ಬಾಗಿಲಿಗೆ ಹೋಗಿ ಅವಳನ್ನೇ ಕರೆದ.

ಚಿಕ್ಕಜಾಜೂರಿಗೆ ರೈಲಿನಲ್ಲಿ ಬಂದಿಳಿದ ಹೊಸ ತಗಡಿನೊಂದಿಗೆ ಇಮಾಂಬೀ ಸೋಮವಾರ ಬೆಳಿಗ್ಗೆ ಮಾಡು ಹತ್ತಿದಳು. ಬೀದಿಯೆಲ್ಲ ತಲೆಯೆತ್ತಿತು.

"ಆ ತುದಿ ಯಾರು ಹಿಡಿತಾರ್ರಿ?" ಎಂದು ಮೇಲಿಂದ ಕೇಳಿದಳು.

ಯಾರೂ ಅಲುಗಲಿಲ್ಲ. ಮರುಳಸಿದ್ದಪ್ಪ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದ.

ತಗಡಿನೊಳಗೆ ಮೋಡಗಳು ಮೆಲ್ಲಗೆ ತೇಲುತ್ತಿದ್ದವು. ಇಬ್ಬರೂ ಆಕಾಶದ ಒಂದು ತುಂಡನ್ನೇ ಹಿಡಿದು ಕುಳಿತಂತಿತ್ತು. ಅಂಚು ಬಾಗಿ ಅಂಚನ್ನು ಅಪ್ಪಿತು. ಇಮಾಂಬೀಯ ಮರದ ಕೊಡತಿ ಹದವಾಗಿ ಬೀಳತೊಡಗಿತು. ಆ ತಾಳಕ್ಕೆ, ಮಳೆಯಲ್ಲಿ ಅಳಿಸಿಹೋದ ಪುಟದ ಪದ್ಯವೊಂದು ತಾನಾಗಿ ಅವನ ತುಟಿಗೆ ಬಂತು.

ಕೆಳಗಿನಿಂದ ನೆರೆಮನೆಯ ಕೆಂಚಪ್ಪ ಕೂಗಿದ: "ಏನಪ್ಪ ಸಿದ್ದಪ್ಪ, ದೇವರ ತಲೆಮ್ಯಾಲೆ ಹೆಂಗಸ್ರನ್ನ ಕುಂಡ್ರಿಸಿದ್ಯಾ?"

"ಮಾತಾಡಿಸ್ಬ್ಯಾಡ ಕೆಂಚಪ್ಪ," ಎಂದ ಮರುಳಸಿದ್ದಪ್ಪ, ತಗಡಿನಿಂದ ಕಣ್ಣು ತೆಗೆಯದೆ, "ನನ್ನ ತುದಿ ಅಲ್ಲಾಡ್ತೈತೆ."